ಹಿತ್ತಲ ಕೊಳಕ್ಕೆ ಯಾವ ಹೊದಿಕೆ: ಜೇಡಿಮಣ್ಣೋ, ಹಾಳೆಯೋ, ಸಿಮೆಂಟೋ?

ಹಿತ್ತಲಿನಲ್ಲಿ ನಾಲ್ಕು ನೈದಿಲೆ ಅರಳುವಷ್ಟು ಕೊಳವೊಂದನ್ನು ಮಾಡಿಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಹಾಳೆಯ ಬೆಲೆ ವಿಚಾರಿಸುತ್ತಾರೆ. ತುಮಕೂರಿನ ಹೊರವಲಯದ ನಮ್ಮ ಮನೆಯ ಹಿಂದೆ ಎರಡು ಸಲ ಕೊಳ ತೋಡಿ, ಒಂದನ್ನು ಮುಚ್ಚಿ, ಇನ್ನೊಂದನ್ನು ಉಳಿಸಿಕೊಂಡಿರುವ ನನ್ನ ಅಭಿಪ್ರಾಯದಲ್ಲಿ ಮೊದಲು ವಿಚಾರಿಸಬೇಕಾದದ್ದು ಮಣ್ಣನ್ನು, ಆಮೇಲೆ ಜಾಗದ ಅಗಲವನ್ನು. ಈ ಎರಡು ಗೊತ್ತಾದರೆ ಆಯ್ಕೆಯ ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಮಣ್ಣಿನ ಪರೀಕ್ಷೆಗೆ ಒಂದು ಹಾರೆ, ಒಂದು ಬಕೆಟ್ ಮತ್ತು ಎರಡು ದಿನ ಸಾಕು. ಕೊಳ ಮಾಡಬೇಕೆಂದಿರುವ ಜಾಗದಲ್ಲಿಯೇ ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗುವವರೆಗೆ ಬಿಡಬೇಕು. ಒಣಮಣ್ಣು ಮೊದಲ ಸಲ ಎಷ್ಟು ನೀರು ಕುಡಿಯುತ್ತದೆ ಎಂಬುದರಿಂದ ಏನೂ ತಿಳಿಯುವುದಿಲ್ಲವಾದ್ದರಿಂದ, ಮಣ್ಣು ಚೆನ್ನಾಗಿ ನೆನೆದ ಮೇಲೆ ಎರಡನೆಯ ಸಲ ತುಂಬಿಸಿ ನೀರಿನ ಮಟ್ಟಕ್ಕೆ ಒಂದು ಕಡ್ಡಿ ಚುಚ್ಚಿ ಗುರುತು ಮಾಡಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗುರುತು ಹಾಕಬೇಕು. ಇಪ್ಪತ್ತನಾಲ್ಕು ಗಂಟೆಗಳ ನಂತರ ಬಕೆಟ್ಟಿನಲ್ಲಿ ಇಳಿದದ್ದು ಬಿಸಿಲಿಗೆ ಆವಿಯಾದ ನೀರು. ಗುಂಡಿಯಲ್ಲಿ ಅದಕ್ಕಿಂತ ಹೆಚ್ಚಾಗಿ ಇಳಿದದ್ದು ಮಣ್ಣಿಗೆ ಇಂಗಿದ ನೀರು. ಈ ವ್ಯತ್ಯಾಸ ಅರ್ಧ ಅಂಗುಲದೊಳಗಿದ್ದರೆ ಜೇಡಿಮಣ್ಣಿನ ಕೊಳದ ಬಗ್ಗೆ ಯೋಚಿಸಬಹುದು. ಗುಂಡಿ ಬೆಳಗಾಗುವುದರೊಳಗೆ ಬರಿದಾಗಿದ್ದರೆ ಹಾಳೆ ಅಥವಾ ಸಿಮೆಂಟು, ಇವೆರಡೇ ಉಳಿಯುವ ದಾರಿ. ನಮ್ಮ ಕಡೆಯ ಕೆಂಪುಮಣ್ಣಿನಲ್ಲಿಯೂ ಮಲೆನಾಡು ಮತ್ತು ಕರಾವಳಿಯ ಮುರಕಲ್ಲಿನ ನೆಲದಲ್ಲಿಯೂ ಹೆಚ್ಚಾಗಿ ಆಗುವುದು ಎರಡನೆಯದೇ.

ಹೋಲಿಕೆಗೆ ಒಂದೇ ಅಳತೆಯನ್ನು ಹಿಡಿದು ಲೆಕ್ಕ ಹಾಕುವುದು ಒಳ್ಳೆಯದು. ಮೇಲ್ಭಾಗದಲ್ಲಿ 10 ಅಡಿ ಉದ್ದ, 7 ಅಡಿ ಅಗಲ, 2 ಅಡಿ ಆಳದ ಕೊಳವನ್ನು ಇಟ್ಟುಕೊಳ್ಳೋಣ. ಬದಿಗಳನ್ನು ನೆಟ್ಟಗೆ ಕೊರೆಯದೆ, ಒಂದು ಅಡಿ ಇಳಿದರೆ ಒಂದು ಅಡಿ ಒಳಕ್ಕೆ ಬರುವಂತೆ ಇಳಿಜಾರು ಕೊಟ್ಟರೆ ತಳ 6 ಅಡಿಗೆ 3 ಅಡಿ ಉಳಿಯುತ್ತದೆ, ಸುಮಾರು 2,300 ಲೀಟರ್ ನೀರು ಹಿಡಿಯುತ್ತದೆ. ರೂಪಾಯಿಯ ಲೆಕ್ಕ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ನಾನು ಇಲ್ಲಿ ಕೊಡುವುದು ಸಾಮಾನಿನ ಪ್ರಮಾಣವನ್ನು. ಅದಕ್ಕೆ ನಿಮ್ಮ ಊರಿನ ದರ ಹಾಕಿಕೊಂಡರೆ ಸರಿಯಾದ ಖರ್ಚು ಸಿಗುತ್ತದೆ.

ಜೇಡಿಮಣ್ಣು

ನಮ್ಮ ನಾಡಿನ ಕೆರೆಗಳು ಪ್ಲಾಸ್ಟಿಕ್ಕನ್ನೂ ಸಿಮೆಂಟನ್ನೂ ಕಾಣದೆ ಶತಮಾನಗಳ ಕಾಲ ನೀರು ಹಿಡಿದು ನಿಂತಿವೆ. ಏರಿಯ ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ತುಳಿಸಿ ಗಟ್ಟಿ ಮಾಡಿದ ಫಲ ಅದು. ಹೀಗಿರುವಾಗ ಹಿತ್ತಲಿನ ಕೊಳಕ್ಕೂ ಜೇಡಿಮಣ್ಣೇ ಅತ್ಯಂತ ಅಗ್ಗ ಮತ್ತು ಅತ್ಯಂತ ಸಹಜ ಎಂದು ಮನಸ್ಸಿಗೆ ತೋರುವುದು ನ್ಯಾಯವೇ. ನನಗೂ ಹಾಗೆಯೇ ತೋರಿತ್ತು. ಆದರೆ ಇಲ್ಲಿ ಜಾಗದ ಅಗಲದ ಪ್ರಶ್ನೆ ಅಡ್ಡ ಬರುತ್ತದೆ. ನೆನೆದ ಜೇಡಿ ಕಡಿದಾದ ಬದಿಯ ಮೇಲೆ ನಿಲ್ಲದೆ ಜಾರಿ ತಳ ಸೇರುತ್ತದೆ. ಅದು ನಿಲ್ಲಬೇಕಾದರೆ ಒಂದು ಅಡಿ ಆಳಕ್ಕೆ ಕನಿಷ್ಠ ಎರಡು ಅಡಿ ಇಳಿಜಾರು ಬೇಕು. 2 ಅಡಿ ಆಳಕ್ಕೆ ಎರಡೂ ಬದಿ ಸೇರಿ 8 ಅಡಿ ಇಳಿಜಾರಿಗೇ ಹೋಗುತ್ತದೆ, ನಮ್ಮ ಕೊಳದ ಒಟ್ಟು ಅಗಲವೇ 7 ಅಡಿ! ಹಾಗಾಗಿ ಇಂಥ ಸಣ್ಣ ಜಾಗದಲ್ಲಿ ಜೇಡಿಯನ್ನೇ ಹಿಡಿದರೆ ಕೊಳ ಒಂದೂಕಾಲು ಅಡಿಗಿಂತ ಆಳವಾಗದೆ ತಟ್ಟೆಯಂತಾಗುತ್ತದೆ. ಅಷ್ಟು ತೆಳುವಾದ ನೀರು ಏಪ್ರಿಲ್ ಬಿಸಿಲಿಗೆ ಕಾಯ್ದು, ಪಾಚಿ ಕಟ್ಟಿ, ಮೀನಿಗೆ ಉಸಿರಾಡಲು ಕಷ್ಟವಾಗುತ್ತದೆ. ಹದಿನೈದು ಅಡಿಗಿಂತ ಅಗಲದ ಜಾಗ ಇರುವವರು, ಅಂದರೆ ತೋಟದ ಅಂಚಿನಲ್ಲಿ ಮನೆಯಿರುವವರು, ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು.

ಮಣ್ಣು ಜೇಡಿಯೇ ಎಂದು ತಿಳಿಯಲು ಒದ್ದೆ ಮಾಡಿದ ಮುಷ್ಟಿ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಹೊರತಳ್ಳಿ ನೋಡಬೇಕು. ಎರಡು ಅಂಗುಲದಷ್ಟು ಉದ್ದ ಬಂದರೂ ಮುರಿಯದೆ ಜೋತುಬಿದ್ದರೆ ಅದು ಕೆಲಸಕ್ಕೆ ಬರುತ್ತದೆ. ಹೊದಿಕೆ ತುಳಿದು ಗಟ್ಟಿಯಾದ ಮೇಲೆ 9 ಅಂಗುಲ ದಪ್ಪ ಉಳಿಯಬೇಕು. ನಮ್ಮ ಅಳತೆಯ ತಟ್ಟೆಕೊಳಕ್ಕೂ ಸಡಿಲ ಮಣ್ಣಿನ ಲೆಕ್ಕದಲ್ಲಿ ಸುಮಾರು 80 ಘನ ಅಡಿ, ಅಂದರೆ ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಹೊರೆ ಬೇಕಾಗುತ್ತದೆ. ಮೂರು ಮೂರು ಅಂಗುಲದ ಪದರ ಹಾಕಿ, ಹದವಾಗಿ ನೆನೆಸಿ, ಬರಿಗಾಲಿನಲ್ಲಿ ತುಳಿದು, ದಿಮ್ಮಸಿನಿಂದ ಬಡಿಯುವ ಶ್ರಮವನ್ನು ಉಳಿಸಲು ಹೋದರೆ ಮಣ್ಣಿನ ಹಣವೂ ವ್ಯರ್ಥ. ಎರೆಮಣ್ಣಿನ ನೆಲದವರಿಗೆ ಮಣ್ಣನ್ನು ಹೊರಗಿನಿಂದ ತರಿಸುವ ಖರ್ಚಿಲ್ಲ, ಆದರೆ ಎರೆಯ ಗುಣವೇ ನೆನೆದರೆ ಉಬ್ಬುವುದು, ಒಣಗಿದರೆ ಬಿರಿಯುವುದು. ಜೇಡಿಕೊಳ ಒಂದು ಸಲ ಬತ್ತಿ ಬಿರುಕುಬಿಟ್ಟರೆ ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದು ಅಪರೂಪ. ಬೇಸಿಗೆಯಲ್ಲಿ ಕೊಳಕ್ಕೆಂದು ನೀರು ಹೊಂದಿಸಲಾಗದ ಮನೆಯವರು ಈ ದಾರಿಯನ್ನು ಬಿಡುವುದು ಲೇಸು.

ಇದರ ಜೊತೆಗೆ ಬೆಂಟೊನೈಟ್ ಪುಡಿಯ ಮಾತನ್ನೂ ಹೇಳಬೇಕು. ಗುಜರಾತಿನ ಕಚ್ಛ್ ಕಡೆಯಿಂದ ಬರುವ, ಕಟ್ಟಡಗಳ ಪೈಲಿಂಗ್ ಕೆಲಸಕ್ಕೆ ಬಳಸುವ ಈ ಜೇಡಿ ನೀರು ತಾಗಿದರೆ ಹಲವು ಪಟ್ಟು ಉಬ್ಬಿ ಮಣ್ಣಿನ ಸಂದುಗಳನ್ನು ತುಂಬುತ್ತದೆ. ಚದರ ಮೀಟರಿಗೆ 10 ಕಿಲೋದಂತೆ ತಟ್ಟೆಕೊಳಕ್ಕೆ ಎರಡು ಚೀಲದೊಳಗೆ ಸಾಕು. ಆದರೆ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿನಲ್ಲಿ ಅದು ಪೂರ್ತಿಯಾಗಿ ಉಬ್ಬುವುದಿಲ್ಲ. ಮಳೆನೀರಿನಲ್ಲಿ ತುಂಬುವ ಕೊಳಕ್ಕೆ ಮಾತ್ರ ನಾನು ಇದನ್ನು ಸೂಚಿಸುತ್ತೇನೆ.

ಹಾಳೆ

ಬಹುಪಾಲು ಹಿತ್ತಲುಗಳಿಗೆ, ಬಹುಪಾಲು ಜೇಬುಗಳಿಗೆ ಹೊಂದುವುದು ಹಾಳೆಯೇ. ಕರ್ನಾಟಕದಲ್ಲಿ 2014-15ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ನಂತರ ಕೃಷಿಹೊಂಡಗಳಿಗೆ ಪಾಲಿಥೀನ್ ಹೊದಿಕೆ ಹಾಸುವ ಕೆಲಸ ಹಳ್ಳಿಹಳ್ಳಿಗೆ ಪರಿಚಯವಾಗಿ, ಒಂದು ಕಾಲಕ್ಕೆ ದೊಡ್ಡ ನಗರದಿಂದ ತರಿಸಬೇಕಾಗಿದ್ದ ಹಾಳೆ ಈಗ ತಾಲ್ಲೂಕು ಕೇಂದ್ರದಲ್ಲಿಯೇ ದೊರೆಯುತ್ತದೆ. ಆದರೆ ಹಾಳೆ ಎಂಬ ಒಂದೇ ಹೆಸರಿನಲ್ಲಿ ಐದಾರು ಬೇರೆ ಬೇರೆ ಸಾಮಾನುಗಳು ಮಾರಾಟವಾಗುತ್ತವೆ, ಗೊಂದಲ ಹುಟ್ಟುವುದು ಅಲ್ಲಿಯೇ.

ಲಾರಿಯ ಸರಕಿಗೆ, ಒಕ್ಕಣೆಯ ಕಾಳಿಗೆ ಹೊದಿಸುವ ನೀಲಿ ಟಾರ್ಪಾಲು ಎಲ್ಲಕ್ಕಿಂತ ಅಗ್ಗ. ತೆಳುವಾದ ನೇಯ್ಗೆಯ ಮೇಲೆ ಇನ್ನೂ ತೆಳುವಾದ ಲೇಪವಿರುವ ಇದು ಕೊಳದಲ್ಲಿ ಒಂದು ಬೇಸಿಗೆ ದಾಟಿದರೆ ಹೆಚ್ಚು. ಮಡಿಕೆಗಳಲ್ಲಿ ಲೇಪ ಸವೆದು ನೀರು ಒಸರಲು ಶುರುವಾಗುತ್ತದೆ. ಇದನ್ನು ಹೊದಿಕೆಯೆಂದು ಪರಿಗಣಿಸದೆ, ಒಳ್ಳೆಯ ಹಾಳೆಯ ಅಡಿಗೆ ಮೆತ್ತೆಯಾಗಿ ಬಳಸಿದರೆ ಸಾರ್ಥಕ. ಹಳೆಯ ಫ್ಲೆಕ್ಸ್ ಬ್ಯಾನರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಡಿಯ ಮೆತ್ತೆಗೆ ಅವು ಬಹಳ ಚೆನ್ನಾಗಿವೆ, ಮೀನು ಬಿಡುವ ನೀರಿಗೆ ನೇರವಾಗಿ ತಾಗುವಂತೆ ಹಾಸಬಾರದು.

ಸಿಲ್ಪಾಲಿನ್ ಎಂಬ ಹೆಸರಿನಿಂದ ಜನಬಳಕೆಗೆ ಬಂದಿರುವ, ಹಲವು ಪದರಗಳನ್ನು ಅಡ್ಡಡ್ಡವಾಗಿ ಬೆಸೆದ ಹಾಳೆ ಎರಡನೆಯದು. ದಕ್ಷಿಣ ಕನ್ನಡ, ಕಾಸರಗೋಡು, ಮಲೆನಾಡಿನ ಅಡಿಕೆ ಬೆಳೆಗಾರರು ತೋಟದ ನೀರು ಸಂಗ್ರಹಿಸಲು ಇದನ್ನೇ ಹಾಸಿದ ತೊಟ್ಟಿಗಳನ್ನು ಮಾಡಿಕೊಂಡಿದ್ದಾರೆ. ಮೃದುವಾಗಿ ಮಡಿಕೆ ಬೀಳುವುದರಿಂದ ಅಂಕುಡೊಂಕು ಆಕಾರದ ಕೊಳಕ್ಕೂ ಒಪ್ಪುತ್ತದೆ. 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವುದಕ್ಕಿಂತ ಕಡಿಮೆಯದನ್ನು ಕೊಳಕ್ಕೆ ಕೊಳ್ಳಬಾರದು. ಮೂರನೆಯದು ಕೃಷಿಹೊಂಡಗಳಿಗೆ ಬಳಸುವ 500 ಮೈಕ್ರಾನಿನ, ಅಂದರೆ ಅರ್ಧ ಮಿಲಿಮೀಟರ್ ದಪ್ಪದ, ಎಚ್‌ಡಿಪಿಇ ಎಂಬ ಗಟ್ಟಿ ಬಗೆಯ ಪಾಲಿಥೀನ್ ಹಾಳೆ. ಇದರಲ್ಲಿಯೂ ನೇಯ್ದು ಲೇಪಿಸಿದ ಬಗೆಯಿದೆ, ಅದಕ್ಕೆ ಐಎಸ್ 15351 ಎಂಬ ಭಾರತೀಯ ಮಾನಕವಿದೆ. ನೇಯ್ಗೆಯಿಲ್ಲದ ಗಟ್ಟಿ ಕಪ್ಪು ಹಾಳೆಯ ಬಗೆಯೂ ಇದೆ. ಬಾಳಿಕೆಯಲ್ಲಿ ಎರಡೂ ಸಿಲ್ಪಾಲಿನ್‌ಗಿಂತ ಮೇಲು. ಆದರೆ ಅವು ಬಿರುಸು. ಚೌಕಾಕಾರದ, ಸಪಾಟಾದ ಇಳಿಜಾರಿನ ಗುಂಡಿಗೆ ಹೇಳಿಮಾಡಿಸಿದಂತೆ ಕೂರುತ್ತವೆ, ಹುರುಳಿಬೀಜದಾಕಾರದ ಕೊಳದಲ್ಲಿ ಎಲ್ಲೆಲ್ಲೋ ಎದ್ದು ನಿಲ್ಲುತ್ತವೆ. ಇನ್ನೊಂದು ತೊಡಕೆಂದರೆ ಪಾಲಿಥೀನಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಬಿಸಿಗಾಳಿಯ ಯಂತ್ರದಿಂದಲೇ ಬೆಸೆಯಬೇಕು. ಆದ್ದರಿಂದ ಎರಡು ತುಂಡು ಕೂಡಿಸುವ ಯೋಚನೆ ಬಿಟ್ಟು ಒಂದೇ ತುಂಡಿನ ಹಾಳೆಯನ್ನು ಕೊಳ್ಳಬೇಕು.

ಬಯೋಫ್ಲಾಕ್ ಮೀನು ಸಾಕಣೆಯ ತೊಟ್ಟಿಗಳಿಗೆ ಬಳಸುವ 550ರಿಂದ 650 ಜಿಎಸ್‌ಎಂ ಪಿವಿಸಿ ಹಾಳೆ ಹೆಚ್ಚು ದುಬಾರಿಯಾದರೂ ಮೆತ್ತಗಿರುತ್ತದೆ, ತೂತಾದರೆ ಪಿವಿಸಿ ಅಂಟಿನಿಂದ ತೇಪೆ ಹಾಕಬಹುದು. ಇಪಿಡಿಎಂ ಎಂಬ ರಬ್ಬರ್ ಹಾಳೆ ಎಲ್ಲಕ್ಕಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಎಳೆದರೆ ಹಿಗ್ಗುತ್ತದೆ, ಬಿಸಿಲಿಗೆ ಜಗ್ಗುವುದಿಲ್ಲ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಆದರೆ ನಮ್ಮ ಸಣ್ಣ ಊರುಗಳಲ್ಲಿ ಅದು ಸಿಗುವುದೇ ಕಷ್ಟ, ತರಿಸಿದರೆ ಹಾಳೆಯ ಖರ್ಚೇ ಉಳಿದೆಲ್ಲ ಖರ್ಚನ್ನು ಮೀರುತ್ತದೆ. ಮಿತವ್ಯಯದ ಕೊಳದ ಮಾತಿನಲ್ಲಿ ಅದಕ್ಕೆ ಜಾಗವಿಲ್ಲ.

ಹಾಳೆ ಕೊಳ್ಳುವಾಗ ನಾನು ಕೈಸುಟ್ಟುಕೊಂಡ ವಿಷಯವೊಂದಿದೆ. ಮೈಕ್ರಾನ್ ಎಂಬುದು ದಪ್ಪದ ಅಳತೆ, ಜಿಎಸ್‌ಎಂ ಎಂಬುದು ತೂಕದ ಅಳತೆ. ಅಂಗಡಿಗಳಲ್ಲಿ ಬರಿಯ ಅಂಕಿ ಹೇಳಿ ಮಾರುವುದುಂಟು. ನೇಯ್ಗೆಯಿಲ್ಲದ ಪಾಲಿಥೀನ್ ಹಾಳೆಯಲ್ಲಿ 100 ಮೈಕ್ರಾನ್ ದಪ್ಪವೆಂದರೆ ಚದರ ಮೀಟರಿಗೆ ಸುಮಾರು 94 ಗ್ರಾಂ. ಆ ಲೆಕ್ಕದಲ್ಲಿ 15 ಅಡಿಗೆ 12 ಅಡಿಯ ಹಾಳೆ ನಿಜವಾಗಿ 500 ಮೈಕ್ರಾನಿನದಾಗಿದ್ದರೆ ಎಂಟು ಕಿಲೋದ ಹತ್ತಿರ ತೂಗಬೇಕು. 200 ಜಿಎಸ್‌ಎಂನದು ಮೂರು ಕಿಲೋ ಚಿಲ್ಲರೆ ತೂಗುತ್ತದೆ. ನನ್ನ ಮೊದಲ ಕೊಳಕ್ಕೆ ಐನೂರರ ಹಾಳೆಯೆಂದು ಹಣ ಕೊಟ್ಟು ತಂದದ್ದನ್ನು, ಅದು ಎರಡನೆಯ ಬೇಸಿಗೆಯಲ್ಲಿ ಅಂಚಿನುದ್ದಕ್ಕೂ ಸೀಳಿದ ಮೇಲೆ ತೊಳೆದು ಒಣಗಿಸಿ ತೂಗಿದಾಗ ನಾಲ್ಕು ಕಿಲೋ ಕೂಡ ಇರಲಿಲ್ಲ. ಅಂಗಡಿಯಲ್ಲಿಯೇ ತಕ್ಕಡಿಗೆ ಇಟ್ಟು ನೋಡಿದ್ದರೆ ಒಂದು ನಿಮಿಷದ ಕೆಲಸ.

ಅಳತೆಯ ವಿಷಯದಲ್ಲಿಯೂ ಹಣ ಉಳಿಯುತ್ತದೆ. ಉದ್ದಕ್ಕೆ ಆಳದ ಎರಡು ಪಟ್ಟು ಮತ್ತು ಎರಡೂ ಅಂಚಿಗೆ ಒಂದೂವರೆ ಅಡಿ ಕೂಡಿಸಬೇಕೆಂಬ ರೂಢಿಯ ಲೆಕ್ಕ ಹಾಕಿದರೆ ನಮ್ಮ ಕೊಳಕ್ಕೆ 17 ಅಡಿಗೆ 14 ಅಡಿ ಬೇಕಾಗುತ್ತದೆ. ಗಿಡದ ಕುಂಡ ಇಡಲು ಮೆಟ್ಟಿಲು ಕೊರೆದ ಕೊಳಕ್ಕೆ ಈ ಲೆಕ್ಕವೇ ಸರಿ. ಮೆಟ್ಟಿಲಿಲ್ಲದೆ ಇಳಿಜಾರು ಮಾತ್ರ ಇರುವ ಕೊಳಕ್ಕೆ 15 ಅಡಿಗೆ 12 ಅಡಿಯ ಹಾಳೆ ಸಾಲುತ್ತದೆ. ಗುಂಡಿ ತೋಡಿ ಮುಗಿದ ಮೇಲೆ ಒಂದು ಹಗ್ಗವನ್ನು ಅಂಚಿನಿಂದ ತಳಕ್ಕಿಳಿಸಿ ಇನ್ನೊಂದು ಅಂಚಿಗೆ ಏರಿಸಿ ಅಳೆದು, ಆಮೇಲೆ ಹಾಳೆ ತರುವುದು ಎಲ್ಲಕ್ಕಿಂತ ಖಚಿತವಾದ ಕ್ರಮ.

ಹಾಳೆಯನ್ನು ಹಾಳುಮಾಡುವುದು ನೀರಿನ ಭಾರವಲ್ಲ. ಅಡಿಯ ಕಲ್ಲುಚೂರು, ಮೇಲಿನ ಬಿಸಿಲು, ಬದಿಯ ಬೇರು ಮತ್ತು ಹೆಗ್ಗಣ. ಗುಂಡಿಯ ಮೈಯಿಂದ ಬೇರು, ಹರಳು ಎಲ್ಲವನ್ನೂ ಕೈಯಿಂದ ಆರಿಸಿ ತೆಗೆದು, ಜರಡಿ ಹಿಡಿದ ಮಣ್ಣನ್ನು ಎರಡು ಅಂಗುಲ ಹರಡಿ ತಟ್ಟಿ, ಅದರ ಮೇಲೆ ಮೆತ್ತೆ ಹಾಸಬೇಕು. ಗೋಣಿತಾಟು, ಹಳೆಯ ಸೀರೆ, ಜಮಖಾನೆ ಇವು ವರ್ಷದೊಳಗೆ ಕೊಳೆತು ಗೆದ್ದಲನ್ನು ಕರೆಯುವುದರಿಂದ, ಬಿಚ್ಚಿ ಹರಡಿದ ಪ್ಲಾಸ್ಟಿಕ್ ಸಿಮೆಂಟ್ ಚೀಲ ಅಥವಾ ಹಳೆಯ ಫ್ಲೆಕ್ಸ್ ವಾಸಿ. ಸುತ್ತಲೂ ಒಂದಡಿ ದೂರದಲ್ಲಿ ಸಣ್ಣ ಕಾಲುವೆ ತೋಡಿ ಹಾಳೆಯ ಅಂಚನ್ನು ಅದರಲ್ಲಿ ಹೂಳಿ, ನೀರಿನ ಮಟ್ಟಕ್ಕಿಂತ ಮೇಲಿರುವ ಭಾಗವನ್ನು ಕಲ್ಲು ಅಥವಾ ಹುಲ್ಲಿನ ಹೆಂಟೆಯಿಂದ ಒಂದು ಬೆರಳಗಲವೂ ಕಾಣದಂತೆ ಮುಚ್ಚಬೇಕು. ಸೀಳು ಶುರುವಾಗುವುದು ಯಾವಾಗಲೂ ಬಿಸಿಲು ಬೀಳುವ ಆ ಅಂಚಿನಿಂದಲೇ. ಬಿದಿರುಮೆಳೆಯ ಹತ್ತಿರ ಹಾಳೆಯ ಕೊಳ ಬೇಡ. ಜೊಂಡುಹುಲ್ಲನ್ನು ನೆಡಲೇಬಾರದು, ಅದರ ಗೆಡ್ಡೆಯ ಮೊನೆ ಹಾಳೆಯನ್ನು ಸೂಜಿಯಂತೆ ತೂರುತ್ತದೆ.

ಮಲೆನಾಡು ಮತ್ತು ಕರಾವಳಿಯವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬಂದು ಹಾಳೆಯನ್ನು ಅಡಿಯಿಂದ ಎತ್ತಿ, ಕೊಳದ ನಡುವೆ ಉಬ್ಬಿಸಿ ನಿಲ್ಲಿಸುತ್ತದೆ. ಆಷಾಢದಲ್ಲಿ ಬಾವಿಯ ನೀರು ಕೈಗೆಟಕುವ ಮಟ್ಟಕ್ಕೆ ಬರುವ ಹಿತ್ತಲಿನಲ್ಲಿ ನೆಲ ತೋಡುವ ಬದಲು ಮುರಕಲ್ಲನ್ನು ಎರಡಡಿ ಎತ್ತರಕ್ಕೆ ಚೌಕವಾಗಿ ಕಟ್ಟಿ, ಒಳಗೆ ಹಾಳೆ ಹಾಸುವುದು ಎಷ್ಟೋ ಮೇಲು. ತೋಡುವ ಕೂಲಿ ಉಳಿಯುತ್ತದೆ, ಏಡಿಯ ಕಾಟ ತಪ್ಪುತ್ತದೆ, ಕಟ್ಟೆಯ ಮೇಲೆ ಕೂತು ನೀರು ನೋಡುವ ಸುಖವೂ ಸಿಗುತ್ತದೆ.

ಸಿಮೆಂಟು

ಸಿಮೆಂಟಿನ ಕೊಳ ಶಾಶ್ವತವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಗಟ್ಟಿ ನೆಲದಲ್ಲಿ ಅದು ನಿಜವೂ ಹೌದು. ಆದರೆ ಮನೆ ಕಟ್ಟುವಾಗ ತುಂಬಿಸಿದ ಮಣ್ಣಿನ ಮೇಲೆ, ಅಥವಾ ಎರೆಯ ನೆಲದ ಮೇಲೆ ಕಟ್ಟಿದ ಸಿಮೆಂಟ್ ಕೊಳ ಬಿರುಕು ಬಿಡದೆ ಉಳಿಯುವುದು ಕಷ್ಟ. ಕೂದಲೆಳೆಯಷ್ಟು ಬಿರುಕು ಸಾಕು, ದಿನಕ್ಕೆ ಅರ್ಧ ಅಂಗುಲ ನೀರು ಮಾಯವಾಗುತ್ತದೆ. ಕೆಂಪುಮಣ್ಣಿನ ಗಟ್ಟಿ ನೆಲವಿದ್ದು, ಪರಿಚಯದ ಮೇಸ್ತ್ರಿಯಿದ್ದರೆ ನಾನು ಸೂಚಿಸುವುದು ತೆಳುವಾದ ಫೆರೋಸಿಮೆಂಟನ್ನು. ಕೋಳಿಗೂಡಿನ ಜಾಲರಿಯನ್ನು ಎರಡು ಪದರ ಹಾಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ಒಂದೂವರೆ ಅಂಗುಲ ದಪ್ಪಕ್ಕೆ ಒತ್ತಿ ಮೆತ್ತುವ ಕೆಲಸ ಇದು. ನಮ್ಮ ಅಳತೆಗೆ 3 ಚೀಲ ಸಿಮೆಂಟು, 11 ಘನ ಅಡಿ ಮರಳು, ಸುಮಾರು 210 ಚದರ ಅಡಿ ಜಾಲರಿ ಸಾಕಾಗುತ್ತದೆ. ಅದೇ ನಾಲ್ಕು ಅಂಗುಲದ ಕಾಂಕ್ರೀಟ್ ಹಾಕಿಸಿದರೆ ಸಿಮೆಂಟೇ 7 ಚೀಲ, ಜೊತೆಗೆ ಜಲ್ಲಿ ಮತ್ತು ಕಂಬಿ. ಬದಿಗಳನ್ನು ಮತ್ತು ತಳವನ್ನು ಒಂದೇ ದಿನದಲ್ಲಿ ಮುಗಿಸಬೇಕು, ಇವತ್ತಿನ ಗಾರೆಗೂ ನಾಳಿನ ಗಾರೆಗೂ ನಡುವೆ ಬೀಳುವ ಸಂದಿನಲ್ಲಿಯೇ ಸೋರಿಕೆ ಹುಟ್ಟುತ್ತದೆ. ಎರಡು ವಾರ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್ ಮಾಡಬೇಕು.

ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುವುದರಿಂದ ತಕ್ಷಣ ಮೀನು ಬಿಟ್ಟರೆ ಅವು ಸಾಯುತ್ತವೆ. ವಾರಕ್ಕೊಮ್ಮೆಯಂತೆ ಮೂರು ಸಲ ನೀರು ತುಂಬಿಸಿ ಚೆಲ್ಲಬೇಕು. ಮೀನು ಸಾಕುವವರು ಬಾಳೆದಿಂಡಿನ ತುಂಡುಗಳನ್ನು ಹಾಕಿ ಕೊಳೆಯಲು ಬಿಡುವ ರೂಢಿಯೂ ಇದೆ. ಒಟ್ಟಿನಲ್ಲಿ ತಿಂಗಳೊಂದೂವರೆ ಕಾಯಬೇಕು, ಹೀಗೆ ಮೂರು ಸಲ ಚೆಲ್ಲುವ ಏಳು ಸಾವಿರ ಲೀಟರ್ ನೀರನ್ನೂ ಖರ್ಚಿಗೆ ಸೇರಿಸಿಕೊಳ್ಳಬೇಕು. ಬಯಲುಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಚೆಲ್ಲುವ ನೀರನ್ನು ಗಿಡಗಳ ಬುಡಕ್ಕೆ ಒಂದೇ ಕಡೆ ಹಾಕದೆ ಹರಡಿ ಬಿಡಬೇಕು.

ಗುಂಡಿ ತೋಡುವುದೇ ಸಾಧ್ಯವಿಲ್ಲದ ಪುಟ್ಟ ಹಿತ್ತಲಿನವರಿಗೆ ಬಾವಿಗೆ ಇಳಿಸುವ ಸಿಮೆಂಟ್ ಉಂಗುರ ಒಂದು ಒಳ್ಳೆಯ ಉಪಾಯ. 4 ಅಡಿ ವ್ಯಾಸದ, ಒಂದಡಿ ಎತ್ತರದ ಎರಡು ಉಂಗುರಗಳನ್ನು ಒಂದರ ಮೇಲೊಂದು ಕೂರಿಸಿ ತಳಕ್ಕೆ ಗಾರೆ ಹಾಕಿದರೆ 700 ಲೀಟರ್ ಹಿಡಿಯುತ್ತದೆ, ಒಂದು ನೈದಿಲೆಗೆ ಮತ್ತು ಹತ್ತಾರು ಸಣ್ಣ ಮೀನಿಗೆ ಧಾರಾಳವಾಯಿತು.

ಯಾರಿಗೆ ಯಾವುದು

ನನ್ನ ತೀರ್ಪನ್ನು ನೇರವಾಗಿ ಹೇಳುವುದಾದರೆ, ಕೆಂಪುಮಣ್ಣಿನ ಬಯಲುಸೀಮೆಯಲ್ಲಿ ಮೊದಲ ಸಲ ಕೊಳ ಮಾಡುವವರು ತೂಕ ನೋಡಿ ಕೊಂಡ 500 ಮೈಕ್ರಾನಿನ ಹಾಳೆಯನ್ನು ಚೌಕ ಗುಂಡಿಗೆ ಹಾಸಬೇಕು. ಅಷ್ಟು ಹಣವಿಲ್ಲದಿದ್ದರೆ 200 ಜಿಎಸ್‌ಎಂ ಸಿಲ್ಪಾಲಿನ್ನು, ಆದರೆ ಅಂಚನ್ನು ಮುಚ್ಚುವುದರಲ್ಲಿ ಎರಡು ಪಟ್ಟು ಶ್ರದ್ಧೆ ವಹಿಸಬೇಕು. ಎರೆಮಣ್ಣಿನವರು ಹಾಳೆಯನ್ನು ಬಿಗಿಯಾಗಿ ಎಳೆಯದೆ ಸಡಿಲವಾಗಿ ಹಾಸಿ ನೆಲದ ಉಬ್ಬರವಿಳಿತಕ್ಕೆ ಅವಕಾಶ ಕೊಡಬೇಕು. ಸಿಮೆಂಟನ್ನು ಎರಡನೆಯ ಕೊಳಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಕೊಳದ ಜಾಗ, ಆಳ, ಬಿಸಿಲು ಇವುಗಳಲ್ಲಿ ಏನಾದರೊಂದು ತಪ್ಪುವುದು ಸಹಜ. ಹಾಳೆಯನ್ನು ಎತ್ತಿ ಬೇರೆಡೆ ಹಾಸಬಹುದು, ಸಿಮೆಂಟನ್ನು ಒಡೆದೇ ತೆಗೆಯಬೇಕು.

ಯಾವ ಹೊದಿಕೆಯಾದರೂ ಕೆಲವು ಕೆಲಸಗಳು ಸಮಾನ. ಕೆರೆಗೆ ಕೋಡಿಯಿರುವಂತೆ ಕೊಳಕ್ಕೂ ಒಂದು ಬದಿಯಲ್ಲಿ ಅಂಚಿಗಿಂತ ಎರಡು ಅಂಗುಲ ಕೆಳಗೆ ನೀರು ಹೊರಹೋಗುವ ದಾರಿಯಿಟ್ಟು, ಅದನ್ನು ಬಾಳೆಗಿಡದ ಪಾತಿಯ ಕಡೆಗೆ ತಿರುಗಿಸಬೇಕು. ಬೇಸಿಗೆಯಲ್ಲಿ ದಿನಕ್ಕೆ ಆರೇಳು ಮಿಲಿಮೀಟರ್ ಆವಿಯಾದರೂ ಈ ಅಳತೆಯ ಕೊಳಕ್ಕೆ ಮೂರು ಬಕೆಟ್ ನೀರು ಸೇರಿಸಬೇಕಾಗುತ್ತದೆ. ಸೊಳ್ಳೆಯ ಮೊಟ್ಟೆ ವಾರ ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುವುದರಿಂದ ನೀರು ನಿಂತ ಮೊದಲ ವಾರದಲ್ಲಿಯೇ ಲಾರ್ವಾ ತಿನ್ನುವ ಗಪ್ಪಿ ಮೀನುಗಳನ್ನು ಬಿಡಬೇಕು, ಆದರೆ ಕೋಡಿಗೆ ಸಣ್ಣ ಜಾಲರಿ ಕಟ್ಟಿ ಅವು ಊರಿನ ಹಳ್ಳಕೆರೆ ಸೇರದಂತೆ ನೋಡಿಕೊಳ್ಳಬೇಕು. ಸಿಮೆಂಟ್ ಕೊಳದಲ್ಲಿ ಅದು ಸಾಧ್ಯವಾಗುವವರೆಗೆ ವಾರಕ್ಕೊಮ್ಮೆ ನೀರು ಚೆಲ್ಲುವುದೇ ಸೊಳ್ಳೆಗೂ ಮದ್ದು.

ಮಕ್ಕಳ ವಿಷಯವನ್ನು ಎಲ್ಲಕ್ಕಿಂತ ಗಂಭೀರವಾಗಿ ಹೇಳಬೇಕು. ಎರಡಡಿ ನೀರು ಅಂಬೆಗಾಲಿಡುವ ಮಗುವಿನ ಜೀವಕ್ಕೆ ಸಾಕು. ಪಾಚಿ ಹಿಡಿದ ಹಾಳೆಯ ಇಳಿಜಾರಿನಲ್ಲಿ ದೊಡ್ಡವರಿಗೂ ಕಾಲು ನಿಲ್ಲುವುದಿಲ್ಲ. ಹೊದಿಕೆಗೆ ಹಣ ಎತ್ತಿಡುವಾಗಲೇ ಸುತ್ತ ಮೂರಡಿ ಬೇಲಿಗೆ, ಅಥವಾ ನೀರಿನ ಮಟ್ಟಕ್ಕೆ ಹೊಂದಿಸಿ ಕೂರಿಸುವ ಗಟ್ಟಿ ಕಬ್ಬಿಣದ ಜಾಲರಿಗೆ ಹಣ ತೆಗೆದಿಡಬೇಕು, ಅಂಚಿನ ಕಲ್ಲಿಗೆ ಕಟ್ಟಿದ ಗಂಟು ಹಗ್ಗವೊಂದನ್ನು ನೀರಿಗೆ ಇಳಿಬಿಟ್ಟಿರಬೇಕು. ಅದಕ್ಕೆ ಹಣ ಸಾಲದಿದ್ದರೆ ಕೊಳವನ್ನು ಮುಂದಿನ ವರ್ಷಕ್ಕೆ ಹಾಕುವುದೇ ಸರಿ.

ತೋಡುವ ಕೆಲಸವನ್ನು ಏಪ್ರಿಲ್‌ನಲ್ಲಿ ಮುಗಿಸಿ, ಹಾಳೆಯನ್ನು ಮೇ ಕೊನೆಯಲ್ಲಿ ಹಾಸಿದರೆ ಟ್ಯಾಂಕರ್ ನೀರು ಕೊಳ್ಳಬೇಕಾಗಿಯೇ ಇಲ್ಲ. ಸಾವಿರ ಚದರ ಅಡಿಯ ಚಾವಣಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,360 ಲೀಟರ್ ನೀರು ಹರಿಯುತ್ತದೆ, ಅಂದರೆ ಈ ಕೊಳ ತುಂಬಲು ಒಂದು ಒಳ್ಳೆಯ ಮಳೆ ಸಾಕು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಎರಡನೆಯ ಮಳೆಯ ಹೊತ್ತಿಗೆ ಚಾವಣಿಯ ಪೈಪನ್ನು ಕೊಳಕ್ಕೆ ತಿರುಗಿಸಿ, ನೀರು ಏರಿದಂತೆ ಹಾಳೆಯ ಮಡಿಕೆಗಳನ್ನು ಕೈಯಿಂದ ಸರಿಪಡಿಸುತ್ತಾ ಬರಬೇಕು. ಅಂಚನ್ನು ಕತ್ತರಿಸಿ ಕಾಲುವೆಯಲ್ಲಿ ಹೂಳುವುದು ಕೊಳ ಪೂರ್ತಿ ತುಂಬಿ ಒಂದು ರಾತ್ರಿ ಕಳೆದ ಮೇಲೆ. ಅಷ್ಟರಲ್ಲಿ ನೀರಿನ ಭಾರಕ್ಕೆ ಹಾಳೆ ಎಷ್ಟು ಒಳಗೆ ಎಳೆದುಕೊಳ್ಳಬೇಕೋ ಅಷ್ಟು ಎಳೆದುಕೊಂಡಿರುತ್ತದೆ.